ಏಳಿಮಲದ ನೌಕಾ ಅಕಾಡೆಮಿ: ಅರ್ಜಿಯಿಂದ ಅಂತಿಮ ಪಗ್‌ವರೆಗೆ

ಕಳೆದ ನವೆಂಬರ್ ಕೊನೆಯಲ್ಲಿ ಕೇರಳದ ಏಳಿಮಲಕ್ಕೆ ಹೋಗಿ, ಭಾರತೀಯ ನೌಕಾ ಅಕಾಡೆಮಿಯ ಅಂಗಳದಲ್ಲಿ ಮಗನ ಹೆಗಲಿಗೆ ಸಬ್ ಲೆಫ್ಟಿನೆಂಟ್ ಪಟ್ಟಿ ಏರಿಸಿ ಬಂದೆವು. ಅರ್ಜಿ ತುಂಬಿದ ದಿನದಿಂದ ‘ಅಂತಿಮ ಪಗ್’ವರೆಗೆ, ಅಂದರೆ ವಿದಾಯದ ಪರೇಡಿನ ಕೊನೆಯ ಹೆಜ್ಜೆಯವರೆಗೆ, ಎಣಿಸಿದರೆ ಇದು ನಾಲ್ಕೂವರೆ ವರ್ಷದ ದಾರಿ. ಕಾಗದಪತ್ರದ ತೊಡಕುಗಳು ಇದ್ದವು, ಆದರೆ ಅವಕ್ಕೆ ಪರಿಹಾರವೂ ಇತ್ತು. ಹೆಚ್ಚು ಕಂಗೆಡಿಸಿದ್ದು ಬೇರೆಯೇ: ಆ ಸಂಸ್ಥೆಯ ರೀತಿನೀತಿ, ಭಾಷೆ, ಆಚಾರ ಯಾವುದೂ ನಮಗೆ ಗೊತ್ತಿರಲಿಲ್ಲ. ಸೈನ್ಯದ ಹಿನ್ನೆಲೆಯ ಮನೆಗಳಿಗೆ ಇದು ತಾನಾಗಿ ಬರುತ್ತದೆ, ನಮ್ಮಂಥ ಮನೆಗಳಿಗೆ ಯಾರಾದರೂ ಹೇಳಬೇಕು. ಹಾಗಾಗಿ ದಾರಿಯುದ್ದಕ್ಕೂ ಏನು ಬರುತ್ತದೆ, ಅದು ಯಾಕೆ ಹಾಗಿದೆ ಎಂಬುದನ್ನು ಒಟ್ಟಿಗೇ ಬರೆಯುತ್ತಿದ್ದೇನೆ.

ನೌಕಾಪಡೆಯ ಅಧಿಕಾರಿಯಾಗಲು ಹಲವು ಬಾಗಿಲುಗಳಿವೆ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಹೋದವರು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಕಳೆದು ಕೊನೆಯ ವರ್ಷಕ್ಕೆ ಏಳಿಮಲಕ್ಕೆ ಬರುತ್ತಾರೆ. ಪದವಿ ಮುಗಿಸಿ ಬರುವವರಿಗೆ ಕೆಲವು ತಿಂಗಳ ನೇವಲ್ ಓರಿಯೆಂಟೇಷನ್ ಕೋರ್ಸ್ ಇದೆ. ಕರಾವಳಿ ಕಾವಲು ಪಡೆಯ ಅಧಿಕಾರಿಗಳ ಮೊದಲ ತರಬೇತಿಯೂ ಇಲ್ಲೇ. ನಾವು ಹೋದದ್ದು ಪಿಯುಸಿ ಮುಗಿಸಿದವರಿಗಿರುವ ನಾಲ್ಕು ವರ್ಷದ ಬಿ.ಟೆಕ್ ಕೆಡೆಟ್ ಪ್ರವೇಶದಿಂದ. ಮುಂದಿನದೆಲ್ಲ ಮುಖ್ಯವಾಗಿ ಅದರ ಬಗ್ಗೆ.

ಇದಕ್ಕೆ ಬೇರೆ ಲಿಖಿತ ಪರೀಕ್ಷೆ ಇಲ್ಲ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನ ಅಖಿಲ ಭಾರತ ರ್‍ಯಾಂಕ್ ನೋಡಿ ಸಂದರ್ಶನಕ್ಕೆ ಕರೆಯುತ್ತಾರೆ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಶೇ 70 ಬೇಕು, ಅಂದರೆ 300ಕ್ಕೆ 210. ಹತ್ತನೆಯ ತರಗತಿಯಲ್ಲೋ ಪಿಯುಸಿಯಲ್ಲೋ ಇಂಗ್ಲಿಷ್‌ನಲ್ಲಿ ಶೇ 50 ಇರಬೇಕು. ಜೀವಶಾಸ್ತ್ರ, ಕಂಪ್ಯೂಟರ್, ಕನ್ನಡದ ಅಂಕ ಎಷ್ಟೇ ಇರಲಿ, ಈ ಲೆಕ್ಕಕ್ಕೆ ಬರುವುದಿಲ್ಲ. ಒಟ್ಟು ಶೇಕಡಾ 90 ಇದೆಯೆಂದು ನಿಶ್ಚಿಂತೆಯಾಗಿದ್ದು ರಸಾಯನಶಾಸ್ತ್ರದಲ್ಲಿ ಪೆಟ್ಟು ತಿಂದು ಕೈತಪ್ಪಿದವರಿದ್ದಾರೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ. ವರ್ಷಕ್ಕೆರಡು ಸಲ ಅರ್ಜಿ ಕರೆಯುತ್ತಾರೆ, ಒಂದು ಜನವರಿಯ ತಂಡಕ್ಕೆ, ಇನ್ನೊಂದು ಜುಲೈ ತಂಡಕ್ಕೆ. ನೌಕಾಪಡೆಯ ನೇಮಕಾತಿ ಜಾಲತಾಣದಲ್ಲಿ ಮಾತ್ರ ಅರ್ಜಿ, ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಯ ಮಾತಿಗೆ ಕಿವಿ ಕೊಡಬೇಡಿ.

ಮೊದಲ ತೊಡಕು ಹೆಸರಿನದು, ಅದು ನಮ್ಮ ಕಡೆಯವರಿಗೇ ವಿಶೇಷವಾಗಿ ಕಾಡುವಂಥದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಇನ್ನೊಂದೆಡೆ ಅದೇ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು. ನಮಗೆ ಇದೆಲ್ಲ ಒಬ್ಬನೇ ಮನುಷ್ಯ. ದಾಖಲೆ ತಾಳೆ ನೋಡುವವರಿಗೆ ಮೂವರು. ನೌಕಾಪಡೆ ಲೆಕ್ಕಕ್ಕೆ ಹಿಡಿಯುವುದು ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು. ಅದರಲ್ಲಿರುವಂತೆಯೇ, ಚುಕ್ಕಿ ಮತ್ತು ಅಂತರದ ಸಮೇತ, ಅರ್ಜಿಯಲ್ಲಿ ತುಂಬಬೇಕು. ಆಧಾರ್ ಬೇರೆಯಾಗಿದ್ದರೆ ಆಧಾರನ್ನು ತಿದ್ದಿಸಿ, ಅದು ಬೇಗ ಆಗುತ್ತದೆ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಶಾಲೆಯ ಮೂಲಕ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ತಂದೆ–ತಾಯಿಯ ಹೆಸರಿಗೂ ಇದೇ ಮಾತು. ಜೆಇಇಗೆ ನೋಂದಾಯಿಸುವ ಮೊದಲೇ, ಅಂದರೆ ಪಿಯುಸಿಯಲ್ಲಿರುವಾಗಲೇ, ಎಲ್ಲ ದಾಖಲೆಗಳನ್ನು ಒಂದು ಮೇಜಿನ ಮೇಲೆ ಹರಡಿಕೊಂಡು ಅಕ್ಷರ ಅಕ್ಷರ ನೋಡಿ. ನಾವು ಆ ಕೆಲಸವನ್ನು ಕರೆ ಬಂದ ಮೇಲೆ ಮಾಡಿದೆವು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ನೋಟರಿಯ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆವು.

ಎರಡನೆಯ ತೊಡಕು ಕಾಲೇಜಿನದು. ಕರೆ ಬರುವ ಹೊತ್ತಿಗೆ ಹುಡುಗ ಸಿಇಟಿ ಸೀಟಿನಲ್ಲಿ ಎಂಜಿನಿಯರಿಂಗ್ ಸೇರಿರುತ್ತಾನೆ, ಮೂಲ ಅಂಕಪಟ್ಟಿಗಳು ಕಾಲೇಜಿನ ಬೀರುವಿನಲ್ಲಿರುತ್ತವೆ. ಸಂದರ್ಶನ ಮಂಡಳಿಯಲ್ಲಿ ಮೂಲವೇ ಬೇಕು. ಸೇರುವ ದಿನವೇ ದಾಖಲೆಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸೇನಾ ಸಂದರ್ಶನಕ್ಕಾಗಿ ತಾತ್ಕಾಲಿಕವಾಗಿ ಮರಳಿ ಕೊಡಬೇಕಾಗಬಹುದು ಎಂದು ಪ್ರಾಂಶುಪಾಲರಿಗೆ ಆಗಲೇ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಾಗೆಂದು ಕಾಲೇಜು ಸೇರದೇ ಕಾಯುವುದು ಬೇಡ. ಒಂದು ತಂಡಕ್ಕೆ ತೆಗೆದುಕೊಳ್ಳುವುದು ಕೆಲವೇ ಹತ್ತು ಮಂದಿಯನ್ನು.

ಸಂದರ್ಶನ ಬೆಂಗಳೂರು, ಭೋಪಾಲ್, ಕೋಲ್ಕತ್ತ, ವಿಶಾಖಪಟ್ಟಣ ಇವುಗಳಲ್ಲಿ ಒಂದು ಕಡೆ. ಬೆಂಗಳೂರಿನದು ಕಬ್ಬನ್ ರಸ್ತೆಯ ಸೆಲೆಕ್ಷನ್ ಸೆಂಟರ್ ಸೌತ್. ಒಂದು ಬಗೆಯ ಪ್ರವೇಶಕ್ಕೆ ಮೊದಲ ಸಲ ಹೋಗುವವರಿಗೆ ಎಸಿ ತ್ರಿ–ಟಯರ್ ರೈಲು ದರ ವಾಪಸು ಬರುತ್ತದೆ, ಟಿಕೆಟ್ ಎಸೆಯಬೇಡಿ. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯೂ ಇರಲಿ.

ಸಂದರ್ಶನ ಮಂಡಳಿಯ ಪರೀಕ್ಷೆ ಐದು ದಿನದ್ದು. ಮೊದಲ ದಿನ ಬುದ್ಧಿಶಕ್ತಿಯ ಪ್ರಶ್ನೆಗಳು, ಆಮೇಲೆ ಮಸುಕಾದ ಒಂದು ಚಿತ್ರ ತೋರಿಸಿ ಕಥೆ ಬರೆಸಿ, ಅದರ ಮೇಲೆ ಗುಂಪು ಚರ್ಚೆ. ಅಂದೇ ಬಹುಪಾಲು ಹುಡುಗರು ಚೀಲ ಎತ್ತಿಕೊಂಡು ವಾಪಸು. ಉಳಿದವರಿಗೆ ಮನಶ್ಶಾಸ್ತ್ರದ ಬರವಣಿಗೆ: ಹನ್ನೆರಡು ಚಿತ್ರಗಳಿಗೆ ಕಥೆ, ಕೊನೆಯದು ಖಾಲಿ ಪರದೆ, ಅರವತ್ತು ಪದಗಳಿಗೆ ಒಂದೊಂದು ವಾಕ್ಯ, ಪದಕ್ಕೆ ಹದಿನೈದು ಸೆಕೆಂಡ್, ಅರವತ್ತು ಸನ್ನಿವೇಶಗಳಲ್ಲಿ ಏನು ಮಾಡುತ್ತೀರಿ ಎಂಬ ಉತ್ತರ, ಎಲ್ಲಕ್ಕೂ ಸೇರಿ ಅರ್ಧ ಗಂಟೆ. ನಂತರ ಬಯಲಿನಲ್ಲಿ ಹಲಗೆ, ಹಗ್ಗ, ಬೊಂಬು ಕೊಟ್ಟು ಗುಂಪಾಗಿ ಅಡ್ಡಿ ದಾಟಿಸುವ ಕೆಲಸಗಳು, ಮೂರು ನಿಮಿಷದಲ್ಲಿ ಹತ್ತು ಅಡೆತಡೆಗಳ ಒಂಟಿ ಓಟ, ಒಬ್ಬರೇ ಅಧಿಕಾರಿಯ ಜೊತೆ ದೀರ್ಘ ಸಂದರ್ಶನ, ಕೊನೆಯ ದಿನ ಇಡೀ ಮಂಡಳಿಯ ಎದುರು ಕೆಲವೇ ನಿಮಿಷ. ಕನ್ನಡ ಮಾಧ್ಯಮದ ಮಕ್ಕಳು ಹಿಂಜರಿಯುವುದು ಗುಂಪು ಚರ್ಚೆಯಲ್ಲಿ. ಇಂಗ್ಲಿಷ್ ನಯವಾಗಿರಬೇಕಿಲ್ಲ, ಹೇಳುವುದು ಇತರರಿಗೆ ಕೇಳಿಸಬೇಕು, ಬೇರೆಯವರ ಮಾತು ತನಗೆ ಕೇಳಿಸಬೇಕು. ದುಬಾರಿ ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ ಕಥೆಗಳು ಹನ್ನೆರಡು ಚಿತ್ರ ದಾಟುವಷ್ಟರಲ್ಲಿ ಒಂದೇ ಅಚ್ಚಿನವಾಗಿ ಬಿಡುತ್ತವೆ. ಆ ಹಣದಲ್ಲಿ ಈಜು ಕಲಿಸಿ ಎಂಬುದು ನನ್ನ ದೃಢವಾದ ಮಾತು. ಕಾರಣ ಮುಂದೆ ಬರುತ್ತದೆ.

ಆಯ್ಕೆಯಾದವರಿಗೆ ಅಲ್ಲಿಂದಲೇ ವೈದ್ಯಕೀಯ ಪರೀಕ್ಷೆ, ಅದಕ್ಕೆ ಮತ್ತೆ ಕೆಲವು ದಿನ. ಹಾಗಾಗಿ ಐದು ದಿನಕ್ಕಲ್ಲ, ಹತ್ತು ದಿನಕ್ಕೆ ಬಟ್ಟೆ ಇಟ್ಟುಕೊಂಡು ಹೊರಡಬೇಕು. ಇಲ್ಲಿ ಕೈಹಿಡಿದು ನಿಲ್ಲಿಸುವುದು ದೊಡ್ಡ ಕಾಯಿಲೆಗಳಲ್ಲ. ಕಿವಿಯ ಗುಗ್ಗೆ, ಹುಳುಕು ಹಲ್ಲು, ಹೆಚ್ಚಾದ ತೂಕ, ಮೂಗಿನ ಸೊಟ್ಟ ನಡುಗೋಡೆ, ನಿಂತಾಗ ತಾಗುವ ಮೊಣಕಾಲು, ಚಪ್ಪಟೆ ಪಾದ, ಮೊಣಕೈ ಹೊರಬಾಗು, ವೃಷಣದ ಉಬ್ಬಿದ ರಕ್ತನಾಳ. ಇವುಗಳಲ್ಲಿ ಮೊದಲ ಮೂರು ಊರಲ್ಲೇ ಸರಿಯಾಗುವಂಥವು, ಹೋಗುವ ತಿಂಗಳ ಮುಂಚೆ ಕಿವಿ–ಮೂಗು–ಗಂಟಲು ವೈದ್ಯರನ್ನೂ ದಂತವೈದ್ಯರನ್ನೂ ಕಂಡು ಬನ್ನಿ. ಹಚ್ಚೆಯ ವಿಷಯದಲ್ಲೂ ಕಟ್ಟುನಿಟ್ಟು: ಮುಂಗೈ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆಲ್ಲೂ ಶಾಶ್ವತ ಹಚ್ಚೆ ಸಲ್ಲದು. ‘ತಾತ್ಕಾಲಿಕ ಅನರ್ಹ’ ಎಂದು ಬರೆದುಕೊಟ್ಟರೆ ಅಳುತ್ತಾ ಕೂರುವ ಸಮಯವಲ್ಲ. ಮೇಲ್ಮನವಿಯ ಗಡಿಯಾರ ಅಂದೇ ಶುರುವಾಗುತ್ತದೆ, 42 ದಿನದೊಳಗೆ ಪತ್ರದಲ್ಲಿ ಹೇಳಿದ ಸೇನಾ ಆಸ್ಪತ್ರೆಗೇ ಹೋಗಬೇಕು. ಶಸ್ತ್ರಚಿಕಿತ್ಸೆ ಬೇಕಾದರೆ ಗಾಯ ಮಾಯುವ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿ, ಮೊದಲ ವಾರದಲ್ಲೇ ಮಾಡಿಸಿ.

ಆಮೇಲಿನ ಕಾಯುವಿಕೆಯೇ ಕಠಿಣ. ಸಂದರ್ಶನದಲ್ಲಿ ಆಯ್ಕೆಯಾಗಿ, ವೈದ್ಯಕೀಯದಲ್ಲಿ ಪಾಸಾಗಿ, ಆದರೂ ಮೆರಿಟ್ ಪಟ್ಟಿಯಲ್ಲಿ ಹೆಸರಿಲ್ಲ ಎಂಬುದು ಸಾಧ್ಯ. ಆಯ್ಕೆ ಎಂದರೆ ಅರ್ಹತೆ ಮಾತ್ರ, ಸ್ಥಾನವನ್ನು ಪಟ್ಟಿ ಕೊಡುತ್ತದೆ. ನೆಂಟರಿಷ್ಟರಿಗೆ ಸಿಹಿ ಹಂಚುವುದನ್ನು ಜಾಯಿನಿಂಗ್ ಪತ್ರ ಕೈಸೇರುವವರೆಗೆ ತಡೆಹಿಡಿಯಿರಿ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಜಾಲತಾಣ ತೆರೆಯುತ್ತಿದ್ದೆವು. ಪಟ್ಟಿ ಅದರ ದಿನಕ್ಕೇ ಬಂತು.

ಈ ಬಿಡುವಿನಲ್ಲಿ ಓದಿಕೊಂಡದ್ದು ಅಕಾಡೆಮಿಯ ಚರಿತ್ರೆ, ಅದೂ ಕಾಯುವಿಕೆಯ ಚರಿತ್ರೆಯೇ. ಬ್ರಿಟಿಷರ ಕಾಲದಲ್ಲಿ ನಮ್ಮ ನೌಕಾ ಅಧಿಕಾರಿಗಳ ತರಬೇತಿ ಇಂಗ್ಲೆಂಡಿನ ಡಾರ್ಟ್‌ಮತ್‌ನಲ್ಲಿ. ಸ್ವಾತಂತ್ರ್ಯದ ನಂತರವೂ ಕೆಲಕಾಲ ಹುಡುಗರು ಅಲ್ಲಿಗೇ ಹೋಗುತ್ತಿದ್ದರು. 1927ರಲ್ಲಿ ಮುಂಬಯಿಯಲ್ಲಿ ಡಫರಿನ್ ಎಂಬ ತರಬೇತಿ ಹಡಗು ಶುರುವಾಗಿತ್ತು, ವಾಣಿಜ್ಯ ಹಡಗುಗಳಿಗೆ ಅಧಿಕಾರಿಗಳನ್ನು ತಯಾರಿಸಲು. ಅದರ ಮೊದಲ ತಂಡದಲ್ಲಿದ್ದ ರಾಮದಾಸ್ ಕಟಾರಿ 1958ರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 1949ರಲ್ಲಿ ಡೆಹ್ರಾಡೂನಿನಲ್ಲಿ ಮೂರೂ ಪಡೆಗಳ ಕೆಡೆಟ್‌ಗಳು ಒಟ್ಟಿಗೆ ಕಲಿಯಲು ತೊಡಗಿದರು, 1955ರಲ್ಲಿ ಆ ವ್ಯವಸ್ಥೆ ಖಡಕ್‌ವಾಸ್ಲಾದ ಎನ್‌ಡಿಎ ಆಯಿತು. ಆದರೆ ಎನ್‌ಡಿಎಯಿಂದ ಬರುವವರಷ್ಟೇ ನೌಕಾಪಡೆಗೆ ಸಾಲಲಿಲ್ಲ, ನೇರವಾಗಿ ಸೇರುವವರಿಗೆ ತನ್ನದೇ ಶಾಲೆ ಬೇಕಾಯಿತು. 1969ರಲ್ಲಿ ಕೊಚ್ಚಿಯಲ್ಲಿ ನೇವಲ್ ಅಕಾಡೆಮಿ ಆರಂಭ. ಜಾಗ ಸಾಲದೆ 1986ರಲ್ಲಿ ಗೋವಾದ ನೌಕಾ ನೆಲೆ ಐಎನ್‌ಎಸ್ ಮಾಂಡೋವಿಗೆ ವರ್ಗಾವಣೆ, ಅದೂ ತಾತ್ಕಾಲಿಕವೆಂದೇ. ಏಳಿಮಲದಲ್ಲಿ ಶಾಶ್ವತ ನೆಲೆಗೆ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ದು 1987ರ ಜನವರಿ 17ರಂದು. ಮನಮೋಹನ್ ಸಿಂಗ್ ಉದ್ಘಾಟಿಸಿದ್ದು 2009ರ ಜನವರಿ 8ರಂದು. ಕಲ್ಲಿಟ್ಟ ಮೇಲೆ ಇಪ್ಪತ್ತೆರಡು ವರ್ಷ! ತಾತ್ಕಾಲಿಕ ನೆಲೆಯಲ್ಲೇ ಅಷ್ಟು ತಂಡಗಳು ಕಲಿತು ಹೊರಬಿದ್ದವು. ಮಾಂಡೋವಿಯ ಜಾಗಕ್ಕೆ 2011ರಲ್ಲಿ ನೇವಲ್ ವಾರ್ ಕಾಲೇಜು ಬಂತು. 2019ರಲ್ಲಿ, ಕೊಚ್ಚಿಯಿಂದ ಎಣಿಸಿ ಐವತ್ತು ತುಂಬಿದ ವರ್ಷ, ನವೆಂಬರ್ 20ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅಕಾಡೆಮಿಗೆ ‘ಪ್ರೆಸಿಡೆಂಟ್ಸ್ ಕಲರ್’ ಧ್ವಜ ನೀಡಿದರು, ಸೇನೆಯ ಘಟಕವೊಂದಕ್ಕೆ ಸಿಗುವ ಅತಿ ದೊಡ್ಡ ಗೌರವ ಅದು.

ಜಾಯಿನಿಂಗ್ ಪತ್ರ ಬಂದ ಮೇಲೆ ಸಿಗುವುದು ಕೆಲವೇ ದಿನ. ಜೊತೆಗೆ ಬರುವ ಪಟ್ಟಿಯನ್ನು ಅಕ್ಷರಶಃ ಪಾಲಿಸಿ: ಬಟ್ಟೆಯ ಬಣ್ಣ, ಸಂಖ್ಯೆ, ಬೂಟಿನ ಬಗೆ ಎಲ್ಲ ಬರೆದಿರುತ್ತದೆ. ಪೊಲೀಸ್ ಪರಿಶೀಲನೆಯ ನಮೂನೆಗಳನ್ನು ಮೊದಲು ಹಿಡಿಯಿರಿ, ಠಾಣೆಯಲ್ಲಿ ಒಂದು ದಿನಕ್ಕೆ ಆಗುವ ಕೆಲಸವಲ್ಲ. ತಂದೆ ಅಥವಾ ತಾಯಿ ಸಹಿ ಹಾಕಬೇಕಾದ ಬಾಂಡ್ ಇದೆ. ತರಬೇತಿ, ಪುಸ್ತಕ, ಊಟ, ಸಮವಸ್ತ್ರ ಎಲ್ಲ ಸರ್ಕಾರದ ಖರ್ಚು, ಆದರೆ ವೈದ್ಯಕೀಯ ಕಾರಣವಿಲ್ಲದೆ ನಡುವೆ ಬಿಟ್ಟರೆ ತರಬೇತಿಯ ವೆಚ್ಚ ಹಿಂದಿರುಗಿಸಬೇಕು. ಸಹಿ ಹಾಕುವ ಮುನ್ನ ಹುಡುಗನನ್ನು ಕೂರಿಸಿಕೊಂಡು ಈ ಸಾಲು ಓದಿ. ಯಾರ ಆಸೆಗೆ ಅವನು ಹೋಗುತ್ತಿದ್ದಾನೆ ಎಂಬುದು ಆಗ ಸ್ಪಷ್ಟವಾಗಬೇಕು.

ಮಂಗಳೂರು ದಾಟಿ ಕಣ್ಣೂರಿನ ಕಡೆ ಹೋಗುವ ದಾರಿಯಲ್ಲಿ ಪಯ್ಯನ್ನೂರು ನಿಲ್ದಾಣ. ಏಳಿಮಲ ಎಂಬ ಹೆಸರಿನದೇ ಚಿಕ್ಕ ನಿಲ್ದಾಣ ಪಕ್ಕದಲ್ಲಿದೆ, ಅಲ್ಲಿಗೆ ಟಿಕೆಟ್ ಮಾಡಿ ಪರದಾಡಬೇಡಿ. ಪಯ್ಯನ್ನೂರಿನಿಂದ ಅಕಾಡೆಮಿಗೆ ರಸ್ತೆಯಲ್ಲಿ ಹತ್ತು–ಹನ್ನೆರಡು ಕಿಲೋಮೀಟರ್. ಒಂದು ಪಕ್ಕ ಕವ್ವಾಯಿ ಹಿನ್ನೀರು, ಇನ್ನೊಂದು ಪಕ್ಕ ಅರಬ್ಬೀ ಸಮುದ್ರ, ನಡುವೆ ಗುಡ್ಡಗಳು. 2,452 ಎಕರೆ ಆವರಣ, ಏಳು ಕಿಲೋಮೀಟರಿನಷ್ಟು ಕಡಲತೀರ. ಏಷ್ಯಾದಲ್ಲಿ ಇದಕ್ಕಿಂತ ದೊಡ್ಡ ನೌಕಾ ಅಕಾಡೆಮಿ ಇಲ್ಲ ಎನ್ನುತ್ತಾರೆ.

ಗುಡ್ಡದ ಹೆಸರಿನಲ್ಲೂ ಚರಿತ್ರೆ ಇದೆ. ಏಳು ಮಲೆಗಳೆಂದು ಕೆಲವರು, ‘ಎಲಿಮಲ’ ಎಂದು ಇನ್ನು ಕೆಲವರು. ಮಲಯಾಳದ ‘ಎಲಿ’ ನಮ್ಮ ಇಲಿಯೇ. ಇಲ್ಲಿ ಆಳಿದವರು ಮೂಷಿಕ ವಂಶದವರು, ಅವರ ಮೇಲೆ ಅತುಲನೆಂಬ ಕವಿ ಸಂಸ್ಕೃತದಲ್ಲಿ ಕಾವ್ಯ ಬರೆದಿದ್ದಾನೆ. ಸಂಗಂ ಕಾಲದ ತಮಿಳು ಪದ್ಯಗಳಲ್ಲಿ ನನ್ನನ್ ಎಂಬ ಏಳಿಮಲೆಯ ದೊರೆ ಬರುತ್ತಾನೆ. ಮಾರ್ಕೊ ಪೋಲೊ ಇದನ್ನು ‘ಎಲಿ’ ಎಂದ, ಇಬ್ನ್ ಬತೂತ ‘ಹಿಲಿ’ ಎಂದ, ಪೋರ್ಚುಗೀಸರ ಬಾಯಲ್ಲಿ ‘ಮೊಂಟೆ ಡಿ ಎಲಿ’ ಆಗಿ ಕೊನೆಗೆ ‘ಮೌಂಟ್ ದಿಲ್ಲಿ’ ಆಯಿತು. 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳಿಗೆ ಮೊದಲು ಕಂಡ ಭಾರತದ ನೆಲ ಇದೇ ಗುಡ್ಡ ಎಂಬುದು ವಾಡಿಕೆ. ಹನುಮಂತ ಸಂಜೀವಿನಿ ಹೊತ್ತು ಹೋಗುವಾಗ ಬಿದ್ದ ತುಣುಕು ಎಂಬ ಕಥೆಯೂ ಊರಲ್ಲಿದೆ. ಸಮುದ್ರದಿಂದ ಬರುವವರಿಗೆ ಸಾವಿರಾರು ವರ್ಷ ಗುರುತಾಗಿದ್ದ ಬೆಟ್ಟದ ಬುಡದಲ್ಲಿ ನಾವಿಕರ ಶಾಲೆ ಇರುವುದು ಎಷ್ಟು ಸರಿಯಾಗಿದೆ! ಅಕಾಡೆಮಿ 2014ರಿಂದ ನಡೆಸುವ ಸಾಗರಶಕ್ತಿ ವಿಚಾರಗೋಷ್ಠಿಗೂ ಈ ಗುಡ್ಡದ್ದೇ ಹೆಸರು, ‘ದಿಲ್ಲಿ ಸರಣಿ’.

ದ್ವಾರದಲ್ಲಿ ಮಗನನ್ನು ಬಿಟ್ಟು ಬಂದ ಮೇಲೆ ಮೊದಲ ಟರ್ಮ್‌ನಲ್ಲಿ, ಅಂದರೆ ಮೊದಲ ಆರು ತಿಂಗಳಲ್ಲಿ, ಫೋನು ಬಹಳ ಅಪರೂಪ. ಕರೆ ಬಂದರೂ ಒಂದೆರಡು ನಿಮಿಷ. ಸುದ್ದಿಯಿಲ್ಲ ಎಂದರೆ ಸುಖವಾಗಿದ್ದಾನೆ ಎಂದೇ ತಿಳಿಯಿರಿ. ನಿಜವಾಗಿ ಏನಾದರೂ ಕೇಳಬೇಕಾದರೆ ಅವನ ಡಿವಿಷನಲ್ ಆಫೀಸರ್, ಅಂದರೆ ಅವನ ಗುಂಪನ್ನು ನೋಡಿಕೊಳ್ಳುವ ಅಧಿಕಾರಿ, ಯಾರೆಂದು ತಿಳಿದುಕೊಳ್ಳಿ. ಮನೆಯಲ್ಲಿ ತೀರಾ ಅನಿವಾರ್ಯ ಸಂದರ್ಭ ಬಂದಾಗ ಸಂಪರ್ಕಿಸಬೇಕಾದವರು ಅವರೇ.

ಮೊದಲ ರಜೆಗೆ ಬಂದ ಹುಡುಗನ ಮಾತು ಅರ್ಧ ಅರ್ಥವಾಗುವುದಿಲ್ಲ. ನೆಲ ‘ಡೆಕ್’, ಗೋಡೆ ‘ಬಲ್ಕ್‌ಹೆಡ್’, ಅಡುಗೆಮನೆ ‘ಗ್ಯಾಲಿ’, ಶೌಚಾಲಯ ‘ಹೆಡ್ಸ್’. ಇದು ಸೋಗಲ್ಲ. ನೌಕಾಪಡೆಗೆ ದಡದ ಮೇಲಿನ ನೆಲೆಯೂ ಹಡಗೇ, ಅದಕ್ಕೂ ಹಡಗಿನಂತೆ ಹೆಸರು. ಏಳಿಮಲದ ಆಡಳಿತ ನೋಡಿಕೊಳ್ಳುವ ನೆಲೆ ಐಎನ್‌ಎಸ್ ಝಾಮೊರಿನ್, ಕಲ್ಲಿಕೋಟೆಯ ದೊರೆ ಸಾಮೂದಿರಿಯ ನೆನಪಿಗೆ. ನಮ್ಮ ಕಾರವಾರದ ನೆಲೆ ಐಎನ್‌ಎಸ್ ಕದಂಬ ಬನವಾಸಿಯ ಕದಂಬರ ಹೆಸರು ಹೊತ್ತಿರುವಂತೆ. ನಾಲ್ಕು ವರ್ಷ ದಡದ ಹಡಗಿನಲ್ಲಿ ಈ ಪದಗಳಲ್ಲೇ ಬದುಕಿದವನಿಗೆ ನಿಜವಾದ ಹಡಗಿನ ಕತ್ತಲಲ್ಲಿ ‘ಪೋರ್ಟ್’ ಎಂದು ಕೂಗಿದರೆ ಯೋಚಿಸದೆ ಎಡಕ್ಕೆ ತಿರುಗುವ ಅಭ್ಯಾಸ ಬಂದಿರುತ್ತದೆ. ಎಡ, ಬಲ ಎಂದರೆ ನಿಂತವನ ಮುಖ ನೋಡಬೇಕು. ಪೋರ್ಟ್ ಎಂದರೆ ಹಡಗಿನ ಎಡ, ನೀವು ಯಾವ ಕಡೆ ಮುಖ ಮಾಡಿದ್ದರೂ.

ಗಂಟೆಯೂ ಹಾಗೆಯೇ. ಹಡಗಿನಲ್ಲಿ ಅರ್ಧ ಗಂಟೆಗೊಂದು ಬಡಿತ ಏರುತ್ತಾ ಎಂಟಕ್ಕೆ ಬಂದರೆ ನಾಲ್ಕು ಗಂಟೆಯ ಒಂದು ‘ವಾಚ್’, ಅಂದರೆ ಪಾಳಿ, ಮುಗಿಯಿತು. ದಿನಕ್ಕೆ ಆರು ವಾಚ್ ಆಗಬೇಕಿತ್ತು. ಆದರೆ ಸಂಜೆ ನಾಲ್ಕರಿಂದ ಎಂಟರವರೆಗಿನದನ್ನು ಎರಡಾಗಿ ಒಡೆದು ಏಳು ಮಾಡಿದ್ದಾರೆ. ಆರಾದರೆ ಒಬ್ಬನಿಗೇ ದಿನವೂ ನಡುರಾತ್ರಿಯ ಪಾಳಿ ಬೀಳುತ್ತದೆ, ಏಳಾದರೆ ಪಾಳಿ ತಾನಾಗಿ ಸರಿಯುತ್ತಾ ಹೋಗುತ್ತದೆ. ಹಳೆಯ ನಾವಿಕರ ಈ ಲೆಕ್ಕ ನನಗೆ ಬಹಳ ಮೆಚ್ಚುಗೆಯಾದದ್ದು.

ಸೆಲ್ಯೂಟ್‌ನಲ್ಲೂ ವ್ಯತ್ಯಾಸವಿದೆ. ಭೂಸೇನೆಯವರ ಅಂಗೈ ಎದುರಿಗೆ ಕಾಣುತ್ತದೆ, ನೌಕಾಪಡೆಯವರದು ಕೆಳಮುಖ. ಹಾಯಿಹಡಗಿನ ಕಾಲದಲ್ಲಿ ಹಗ್ಗಕ್ಕೆ ಬಳಿದ ಟಾರು ಅಂಗೈಗೆ ಮೆತ್ತಿರುತ್ತಿತ್ತು, ಅದನ್ನು ಮೇಲಧಿಕಾರಿಗೆ ತೋರಿಸಬಾರದೆಂದು ಹೀಗಾಯಿತು ಎಂದು ಹಿರಿಯರು ಹೇಳುತ್ತಾರೆ.

ಕ್ವಾರ್ಟರ್‌ಡೆಕ್ ಎಂಬುದನ್ನು ಮಾತ್ರ ಹೋಗುವ ಮೊದಲೇ ಅರ್ಥ ಮಾಡಿಕೊಳ್ಳಿ. ಹಡಗಿನ ಹಿಂಭಾಗದ, ಧ್ವಜವಿರುವ ಅಟ್ಟಣೆ ಅದು, ಗೌರವದ ಸ್ಥಳ. ದಡದ ನೆಲೆಯಲ್ಲೂ ಧ್ವಜಸ್ತಂಭವಿರುವ ಅಂಥ ಒಂದು ಜಾಗ ಇರುತ್ತದೆ. ಅದರ ಮೇಲೆ ಕಾಲಿಡುವವನು ಸೆಲ್ಯೂಟ್ ಮಾಡಿಯೇ ಇಡುತ್ತಾನೆ, ಅಲ್ಲಿ ಅಡ್ಡಾಡುವುದು, ಹರಟುವುದು ಇಲ್ಲ. ನಮ್ಮಲ್ಲಿ ಗರ್ಭಗುಡಿಯ ಹೊಸ್ತಿಲು ಹೇಗೋ ಹಾಗೆ. ಬೆಳಿಗ್ಗೆ ಎಂಟಕ್ಕೆ ಧ್ವಜ ಏರುವಾಗ, ಸೂರ್ಯಾಸ್ತಕ್ಕೆ ಇಳಿಯುವಾಗ ಎಲ್ಲಿದ್ದವರು ಅಲ್ಲೇ ನಿಂತು ಆ ಕಡೆ ಮುಖ ಮಾಡುತ್ತಾರೆ. ಅತಿಥಿಗಳೂ ನಿಲ್ಲಬೇಕು. 2022ರ ಸೆಪ್ಟೆಂಬರ್ 2ರಿಂದ ಆ ಧ್ವಜದಲ್ಲಿ ಹಳೆಯ ಕೆಂಪು ಶಿಲುಬೆ ಇಲ್ಲ, ಶಿವಾಜಿ ಮಹಾರಾಜರ ಮುದ್ರೆಯ ಸ್ಫೂರ್ತಿಯ ಎಂಟು ಮೂಲೆಯ ನೀಲಿ ಲಾಂಛನವಿದೆ.

ಇನ್ನು ಈಜು. ಕೆರೆಯಲ್ಲಿ ತೇಲುವಷ್ಟು ಬಂದರೆ ಸಾಕೆಂದು ನಾವೂ ಎಣಿಸಿದ್ದೆವು. ನೀರಿಗೆ ಅಂಜುವವನು ಮೊದಲ ಟರ್ಮಿನಲ್ಲೇ ಹಿಂದೆ ಬೀಳುತ್ತಾನೆ. ಊರಿನ ಕೊಳದಲ್ಲಿ ಮೂರು ತಿಂಗಳು ಫ್ರೀಸ್ಟೈಲ್, ಬ್ರೆಸ್ಟ್‌ಸ್ಟ್ರೋಕ್ ಕಲಿತು, ಎತ್ತರದ ಹಲಗೆಯಿಂದ ಜಿಗಿಯುವ ಭಯ ಕಳೆದುಕೊಂಡು ಹೋಗಲಿ. ಓಟಕ್ಕೆ 2.4 ಕಿಲೋಮೀಟರ್ ಹದಿನೈದು ನಿಮಿಷ ಎಂಬುದು ತೀರಾ ಕೆಳಗಿನ ಅಳತೆ, ಹತ್ತು–ಹನ್ನೊಂದಕ್ಕೆ ತಂದುಕೊಂಡಿರಬೇಕು. ಆದರೆ ಕರೆ ಬಂದ ಮೇಲೆ ಒಮ್ಮೆಲೇ ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸಬೇಡಿ. ಅಭ್ಯಾಸವಿಲ್ಲದ ಮೊಣಕಾಲ ಕೆಳಗಿನ ಮೂಳೆ ಮೊದಲು ನೋಯುತ್ತದೆ, ಆಮೇಲೆ ಕೂದಲೆಳೆಯಷ್ಟು ಸೀಳುತ್ತದೆ. ಅಲ್ಲಿ ಹಾಗಾದರೆ ವಾರಗಟ್ಟಲೆ ವಿಶ್ರಾಂತಿ, ತರಬೇತಿಯ ದಿನಗಳು ಕಡಿಮೆಯಾದರೆ ‘ರೆಲಿಗೇಷನ್’, ಅಂದರೆ ಒಂದು ಟರ್ಮ್ ಹಿಂದಕ್ಕೆ. ಓದಿನಲ್ಲಿ ಫೇಲಾದರೂ ಇದೇ. ಜೊತೆಗಾರರು ಮುಂದೆ ಹೋಗುವುದನ್ನು ನೋಡುತ್ತಾ ಉಳಿಯುವುದು ಹುಡುಗರಿಗೆ ಬಹಳ ನೋವು. ಮನೆಯವರು ಆಗ ಬೈಯದೆ ಇದ್ದರೆ ಸಾಕು, ಒಂದು ಟರ್ಮ್ ಹಿಂದೆ ಉಳಿದು ಒಳ್ಳೆಯ ಅಧಿಕಾರಿಗಳಾದವರು ಬೇಕಾದಷ್ಟಿದ್ದಾರೆ.

ದೋಣಿ ಹುಟ್ಟು ಹಾಕುವುದು ಇನ್ನೊಂದು ಪಾಠ. ‘ವೇಲರ್’ ಎಂಬ 27 ಅಡಿಯ ದೋಣಿಗೆ ಐದು ಹುಟ್ಟು, ಒಂದು ಪಕ್ಕ ಮೂರು, ಇನ್ನೊಂದು ಪಕ್ಕ ಎರಡು. ಲೆಕ್ಕ ಸರಿಯಿಲ್ಲದ್ದರಿಂದಲೇ ಐವರೂ ಒಂದೇ ತಾಳಕ್ಕೆ ಎಳೆಯದಿದ್ದರೆ ದೋಣಿ ಸೊಟ್ಟ ಹೋಗುತ್ತದೆ. ಅಂಗೈ ಬೊಬ್ಬೆಯೆದ್ದು ಒಡೆದು ಗಟ್ಟಿಯಾಗುತ್ತದೆ. ಪಕ್ಕದ ಎಟ್ಟಿಕುಲಂ ಕೊಲ್ಲಿಯಲ್ಲಿ ಹಾಯಿದೋಣಿ ಕಲಿಸುತ್ತಾರೆ, 2010ರಿಂದ ಅಲ್ಲಿ ‘ಅಡ್ಮಿರಲ್ಸ್ ಕಪ್’ ಸ್ಪರ್ಧೆಗೆ ಬೇರೆ ಬೇರೆ ದೇಶಗಳ ನೌಕಾ ತಂಡಗಳು ಬರುತ್ತವೆ. ಎಂಜಿನಿನ ಹಡಗಿಗೆ ಹೋಗುವವನಿಗೆ ಹಾಯಿ ಯಾಕೆ ಎಂದರೆ, ಗಾಳಿ, ಅಲೆ, ಸೆಳೆತಗಳು ಮೈಗೆ ಗೊತ್ತಾಗುವುದು ಸಣ್ಣ ದೋಣಿಯಲ್ಲೇ. ಇದೆಲ್ಲದರ ನಡುವೆ ಪೂರ್ತಿ ಬಿ.ಟೆಕ್ ಓದು, ಪದವಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ್ದು. ಅಕಾಡೆಮಿಯ ಧ್ಯೇಯವಾಕ್ಯ ಈಶಾವಾಸ್ಯ ಉಪನಿಷತ್ತಿನಿಂದ ಬಂದದ್ದು: ‘ವಿದ್ಯಯಾಽಮೃತಮಶ್ನುತೇ’, ವಿದ್ಯೆಯಿಂದ ಅಮೃತತ್ವ ಸಿಗುತ್ತದೆ ಎಂದು.

ತರಬೇತಿ ಮುಗಿಸಿ ಹೊರಬೀಳುವ ಪಾಸಿಂಗ್ ಔಟ್ ಪರೇಡ್ ಮೇ ಕೊನೆಗೆ ಒಂದು, ನವೆಂಬರ್ ಕೊನೆಗೆ ಒಂದು. ಅತಿಥಿಗಳ ಹೆಸರು, ಆಧಾರ್ ಸಂಖ್ಯೆ, ವಾಹನದ ವಿವರ ಎಲ್ಲವನ್ನೂ ಮಗನ ಮೂಲಕ ಮುಂಚೆಯೇ ಕೊಡಬೇಕು. ಅಜ್ಜಿ, ಸೋದರಮಾವ, ಚಿಕ್ಕಪ್ಪ ಎಲ್ಲರಿಗೂ ಬರುವ ಆಸೆ ಇರುತ್ತದೆ, ಪಾಸುಗಳು ಎಣಿಕೆಯವು. ಮೊದಲೇ ತೀರ್ಮಾನಿಸಿ, ಕೊನೆಗಳಿಗೆಯಲ್ಲಿ ಹೆಸರು ಬದಲಾಗುವುದಿಲ್ಲ. ನವೆಂಬರ್‌ನವರಿಗೆ ಇನ್ನೊಂದು ಎಚ್ಚರಿಕೆ: ಅದು ಶಬರಿಮಲೆಯ ಮಂಡಲ ಕಾಲ, ಕೇರಳದ ಕಡೆಯ ರೈಲು, ವಸತಿಗೃಹ ಎರಡೂ ತುಂಬಿರುತ್ತವೆ. ಪಯ್ಯನ್ನೂರಿನಲ್ಲಿ ಕೋಣೆ ಸಿಗದಿದ್ದರೆ ನೀಲೇಶ್ವರ, ಕಾಞಂಗಾಡ್, ಕಣ್ಣೂರು ನೋಡಿ. ಮೇ ತಿಂಗಳವರು ಸೆಕೆಗೂ ಮುಂಗಾರಿನ ಮೊದಲ ಮಳೆಗೂ ತಯಾರಾಗಿರಿ. ಪರೇಡ್ ಬೆಳಿಗ್ಗೆ ಬೇಗ, ದ್ವಾರದಲ್ಲಿ ತಪಾಸಣೆಯ ಸಾಲು ಉದ್ದ. ವಯಸ್ಸಾದವರಿಗೆ ತಿಂಡಿ, ಮಾತ್ರೆ ಮುಗಿಸಿಯೇ ಹೊರಡಿಸಿ. ರೇಷ್ಮೆ ಸೀರೆಯವರು ದೂರ ನಡೆಯಲು ಬರುವ ಚಪ್ಪಲಿ ಹಾಕಿಕೊಳ್ಳಲಿ.

ಪರೇಡಿನಲ್ಲಿ ಪ್ರೆಸಿಡೆಂಟ್ಸ್ ಕಲರ್ ಮೈದಾನಕ್ಕೆ ಬರುವಾಗ ಎಲ್ಲರೂ ಏಳಬೇಕು. ಬಿ.ಟೆಕ್ ತಂಡದ ಅತ್ಯುತ್ತಮನಿಗೆ ರಾಷ್ಟ್ರಪತಿ ಚಿನ್ನದ ಪದಕ. ಸೇಶೆಲ್ಸ್, ಮಾರಿಷಸ್, ಟಾಂಜಾನಿಯಾದಂಥ ದೇಶಗಳ ಕೆಡೆಟ್‌ಗಳೂ ಸಾಲಿನಲ್ಲಿರುವುದುಂಟು. ಕೊನೆಯಲ್ಲಿ ಬರುವುದೇ ಅಂತಿಮ ಪಗ್, ಕೊನೆಯ ಹೆಜ್ಜೆ. ವಾದ್ಯವೃಂದ ವಿದಾಯದ ಹಳೆಯ ಸ್ಕಾಟಿಷ್ ರಾಗ ಹಿಡಿಯುತ್ತದೆ. ಇಷ್ಟು ಹೊತ್ತು ಬೀಸಾಗಿ ನಡೆದವರು ನಿಧಾನ ನಡಿಗೆಗೆ ಇಳಿಯುತ್ತಾರೆ. ಕತ್ತಿ, ರೈಫಲ್ ವಂದನೆಯಲ್ಲಿ, ಸಾಲು ಸಾಲಾಗಿ ಕ್ವಾರ್ಟರ್‌ಡೆಕ್ ಮುಂದೆ ಹಾದು ಹೊರಗೆ ಹೋಗುತ್ತಾರೆ. ಬರೀ ಕೆಲವು ನಿಮಿಷ. ಅಷ್ಟು ಬಿಳಿ ಸಮವಸ್ತ್ರಗಳಲ್ಲಿ ನಿಮ್ಮ ಮಗ ಯಾರೆಂದು ಗುರುತು ಸಿಗುವುದು ಕಷ್ಟ, ಎಷ್ಟನೆಯ ಸಾಲು, ಯಾವ ಕೊನೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಮೊಬೈಲ್ ಪರದೆಯಲ್ಲಿ ನೋಡುತ್ತಾ ಇದನ್ನು ಕಳೆದುಕೊಳ್ಳಬೇಡಿ.

ಆಮೇಲೆ ಪಟ್ಟಿ ಏರಿಸುವುದು. ಭೂಸೇನೆಯಲ್ಲಿ ಹೆಗಲಿಗೆ ನಕ್ಷತ್ರ, ಅದಕ್ಕೆ ‘ಪಿಪ್ಪಿಂಗ್’ ಎನ್ನುತ್ತಾರೆ. ನೌಕಾಪಡೆಯದು ಬಂಗಾರದ ಪಟ್ಟಿ, ಇಲ್ಲಿ ಹೇಳುವುದು ‘ಶಿಪ್ಪಿಂಗ್’. ಒಂದು ಹೆಗಲು ಅಪ್ಪನಿಗೆ, ಒಂದು ಅಮ್ಮನಿಗೆ. ಗುಂಡಿಯ ತುದಿ ಕುತ್ತಿಗೆಯ ಕಡೆ ಬರಬೇಕು. ಕೈ ನಡುಗಿ ಅದು ಕೂರುವುದಿಲ್ಲ, ಆತುರಪಡಬೇಡಿ, ಹಿಂದಿನ ಸಂಜೆ ಕೋಣೆಯಲ್ಲಿ ಮಗನಿಂದ ಒಮ್ಮೆ ತೋರಿಸಿಕೊಂಡಿರಿ. ಅಮ್ಮನ ಎತ್ತರಕ್ಕೆ ಅವನು ಸ್ವಲ್ಪ ಬಾಗುತ್ತಾನೆ.

ಕೆಲವು ದಿನದ ರಜೆಯ ನಂತರ ಅವರ ಮುಂದಿನ ವಿಳಾಸ ಕೊಚ್ಚಿ, ಮೊದಲ ತರಬೇತಿ ಸ್ಕ್ವಾಡ್ರನ್. ತೀರ್, ಸುಜಾತ, ಶಾರ್ದೂಲದಂಥ ಹಡಗುಗಳು, ಹಾಯಿಹಡಗು ತರಂಗಿಣಿ, ಎಲ್ಲ ಆ ಪಡೆಯವು. ಅಲ್ಲಿ ಡೆಕ್ ನಿಜವಾಗಿ ಓಲಾಡುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಅಂಕಪಟ್ಟಿ, ಅಫಿಡವಿಟ್, ವೈದ್ಯಕೀಯ ಪತ್ರ, ಬಾಂಡ್ ಪ್ರತಿ ಇರುವ ಕಡತವನ್ನು ನಾವು ಇನ್ನೂ ಕಟ್ಟಿಟ್ಟಿಲ್ಲ. ಹೆಸರಿನ ಅಕ್ಷರಗಳನ್ನು ಪಾಸ್‌ಪೋರ್ಟ್‌ಗೆ ಮತ್ತೊಮ್ಮೆ ತಾಳೆ ನೋಡಬೇಕಿದೆ.